ಬೆರಳ ತುದಿಯ ಆಟಗಳು

ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಗೆ ‘ನನ್ನ ಮೆಚ್ಚಿನ ಆಟ’ ಎಂಬ ವಿಷಯದ ಮೇಲೆ ಪ್ರಬಂಧ ಬರೆದು ತರಲು ಹೇಳಿದ್ದೆ. ಕಬಡ್ಡಿ, ವಾಲಿಬಾಲ್, ಹೆಚ್ಚೆಂದರೆ ಕ್ರಿಕೆಟ್ ಎಂದುಕೊಂಡು ಕೆಂಪು ಪೆನ್ನು ಹಿಡಿದು ಕುಳಿತವನಿಗೆ ಆಶ್ಚರ್ಯ ಕಾದಿತ್ತು. ಅರ್ಧಕ್ಕಿಂತ ಹೆಚ್ಚು ಪುಸ್ತಕಗಳಲ್ಲಿ ಇದ್ದದ್ದು ಮೊಬೈಲ್ ಫೋನಿನ ಆಟ. ‘ಝೋನ್’, ‘ಲೂಟ್’, ‘ಪಿಂಗ್’, ‘ಸ್ಕಿನ್’ ಎಂದು ಸಾಲು ಸಾಲಾಗಿ ಬರುವ ಪದಗಳಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ಕನ್ನಡ ಪಂಡಿತನಿಗೆ ಕನ್ನಡ ಲಿಪಿಯಲ್ಲಿ ಬರೆದದ್ದೇ ಅರ್ಥವಾಗದಿದ್ದರೆ ಅಂಕ ಕೊಡುವುದು ಹೇಗೆ? ಪುಸ್ತಕ ಹಿಂದಿರುಗಿಸುವಾಗ ಒಬ್ಬ ಹುಡುಗನನ್ನು ನಿಲ್ಲಿಸಿ, “ಇದನ್ನು ನನಗೆ ಕಲಿಸು” ಎಂದೆ. ಅವನು ಮೊದಲು ನಾಚಿದ. ಅನಂತರ ನಾಲ್ಕು ಶನಿವಾರ ನನಗೆ ಪಾಠ ಮಾಡಿದ. ಗುರುವಿಗೆ ತಾಳ್ಮೆ ಸ್ವಲ್ಪ ಕಡಿಮೆ ಎಂಬುದನ್ನು ಬಿಟ್ಟರೆ ಪಾಠ ಚೆನ್ನಾಗಿತ್ತು. ಆಗ ಕಲಿತದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತೇನೆ. ಮಕ್ಕಳಿಗೆ ಕೆಲವು ಸಂಗತಿಗಳು ಹಳತಾಗಿ ಕಾಣಬಹುದು, ಹೆತ್ತವರಿಗೆ ಹೊಸತಿರಬಹುದು.

ಮೊದಲು ಪರದೆಯ ಗುಟ್ಟನ್ನು ನೋಡೋಣ. ಪರದೆಯ ಮೇಲೆ ಓಡುವ ಮನುಷ್ಯ ನಿಜವಾಗಿ ಓಡುವುದಿಲ್ಲ. ಸಿನಿಮಾದಲ್ಲಿರುವಂತೆ ಇಲ್ಲಿಯೂ ಸ್ಥಿರಚಿತ್ರಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಸಾಮಾನ್ಯವಾಗಿ ಸೆಕೆಂಡಿಗೆ 30 ಅಥವಾ 60. ಆದರೆ ಸಿನಿಮಾದ ಚಿತ್ರಗಳು ಮೊದಲೇ ತಯಾರಾಗಿರುತ್ತವೆ. ಆಟದ ಚಿತ್ರ ಆ ಕ್ಷಣದಲ್ಲಿ ಹುಟ್ಟಬೇಕು. ಬೆರಳು ಎಲ್ಲಿ ಒತ್ತಿದೆ ಎಂದು ನೋಡುವುದು, ಅದರಿಂದ ಆಟದಲ್ಲಿ ಏನು ಬದಲಾಗಬೇಕೆಂದು ಲೆಕ್ಕ ಹಾಕುವುದು, ಬದಲಾದುದನ್ನು ಬಿಡಿಸುವುದು – ಈ ಮೂರೂ ಕೆಲಸಗಳು ಒಂದು ಸೆಕೆಂಡಿನ ಅರುವತ್ತನೆಯ ಒಂದು ಪಾಲಿನೊಳಗೆ ಮುಗಿಯಬೇಕು. ಮುಗಿದೊಡನೆ ಮತ್ತೆ ಮೊದಲಿನಿಂದ. ಫೋನು ಬಿಸಿಯಾಗುವುದೂ ಬ್ಯಾಟರಿ ಬೇಗ ಇಳಿಯುವುದೂ ಈ ದುಡಿಮೆಯಿಂದಲೇ.

ಆಟಗಳಲ್ಲೆಲ್ಲ ನನಗೆ ಹಿಡಿಸಿದ್ದು ಟೆಟ್ರಿಸ್. ನನ್ನ ಗುರುವಿಗೆ ಅದು ಮುದುಕರ ಆಟ! 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಜಿತ್ನೊವ್ ಎಂಬವರು ಇದನ್ನು ರಚಿಸಿದರು. ಅವರ ಗಣಕಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ಅಕ್ಷರಗಳ ನಡುವೆ ಬಳಸುವ ಆವರಣ ಚಿಹ್ನೆಗಳನ್ನೇ ಜೋಡಿಸಿ ಚೌಕ ಮಾಡಿದರು. ಅಗಲಕ್ಕೆ 10, ಎತ್ತರಕ್ಕೆ 20 ಮನೆಗಳುಳ್ಳ ಒಂದು ಬಾವಿ. ಮೇಲಿನಿಂದ ನಾಲ್ಕು ನಾಲ್ಕು ಚೌಕಗಳ ತುಣುಕುಗಳು ಬೀಳುತ್ತವೆ. ಒಂದು ಸಾಲು ಪೂರ್ತಿ ತುಂಬಿದರೆ ಅದು ಮಾಯವಾಗುತ್ತದೆ. ಇಷ್ಟೇ ಆಟ. ತುಣುಕಿಗೆ ನಾಲ್ಕು ಚೌಕ, ಸಾಲಿಗೆ ಹತ್ತು. ಆದ್ದರಿಂದ ಐದು ತುಣುಕುಗಳಿಗೆ ಎರಡು ಸಾಲುಗಳಿಗಿಂತ ಹೆಚ್ಚು ಅಳಿಸಲಾಗದು.

ಒಂದು ಕೆಲಸ ಮಾಡಿ ನೋಡಿ. ಲೆಕ್ಕದ ಚೌಕುಳಿ ಕಾಗದದಿಂದ ನಾಲ್ಕು ಚೌಕಗಳ ತುಣುಕುಗಳನ್ನು, ಅಂಚಿಗೆ ಅಂಚು ಸೇರಿರುವಂತೆ, ಕತ್ತರಿಸಿ. ತಿರುಗಿಸಿದರೆ ಒಂದೇ ಆಗುವುದನ್ನು ಬಿಟ್ಟರೆ ಸಿಗುವುದು ಏಳೇ ಆಕಾರ: ಉದ್ದನೆಯ ಕೋಲು, ಚೌಕ, ಟಿ, ಎಲ್ ಮತ್ತು ಅದರ ಕನ್ನಡಿ ರೂಪ, ಎಸ್ ಮತ್ತು ಅದರ ಕನ್ನಡಿ ರೂಪವಾದ ಝಡ್. ಏಳು ತುಣುಕುಗಳಿಗೆ ಒಟ್ಟು 28 ಚೌಕ. ಏಳಕ್ಕೆ ನಾಲ್ಕರ ಒಂದು ಆಯತದಲ್ಲಿಯೂ 28 ಚೌಕ. ಹಾಗಿದ್ದರೆ ಏಳನ್ನೂ ಆ ಆಯತದಲ್ಲಿ ಜೋಡಿಸಬಹುದೆ?

ನಾನು ಒಂದು ಸಂಜೆಯಿಡೀ ಪ್ರಯತ್ನಿಸಿ ಸೋತೆ. ಸೋತದ್ದು ನನ್ನ ದಡ್ಡತನದಿಂದಲ್ಲ ಎಂದು ಆಮೇಲೆ ಗೊತ್ತಾಯಿತು. ಆಯತಕ್ಕೆ ಚದುರಂಗದ ಮಣೆಯಂತೆ ಕಪ್ಪು ಬಿಳುಪು ಬಣ್ಣ ಹಚ್ಚಿ. 14 ಕಪ್ಪು, 14 ಬಿಳುಪು. ಈಗ ಕೋಲನ್ನು ಎಲ್ಲಿಟ್ಟರೂ ಅದು ಎರಡು ಕಪ್ಪು, ಎರಡು ಬಿಳುಪು ಮನೆಗಳನ್ನು ಮುಚ್ಚುತ್ತದೆ. ಚೌಕ, ಎಲ್, ಎಸ್ ಮತ್ತು ಕನ್ನಡಿ ರೂಪಗಳೂ ಹಾಗೆಯೇ. ಟಿ ಮಾತ್ರ ಒಂದು ಬಣ್ಣದ ಮೂರು, ಇನ್ನೊಂದು ಬಣ್ಣದ ಒಂದು ಮುಚ್ಚುತ್ತದೆ. ಹೀಗಾಗಿ ಏಳೂ ಸೇರಿ 15 ಮತ್ತು 13 ಆಗುತ್ತದೆಯೇ ಹೊರತು 14 ಮತ್ತು 14 ಎಂದೂ ಆಗದು. ನೂರು ವರ್ಷ ಕುಳಿತರೂ ಆಯತ ತುಂಬದು. ಎರಡು ಕಂತೆ ತುಣುಕುಗಳನ್ನು ತೆಗೆದುಕೊಂಡರೆ ಬಣ್ಣದ ಅಡ್ಡಿಯೇನೂ ಇಲ್ಲ. ಏಳಕ್ಕೆ ಎಂಟರ ಆಯತ ಮಾಡಿ ಪ್ರಯತ್ನಿಸಬಹುದು. ನಮ್ಮ ಗಣಿತದ ಅಧ್ಯಾಪಕರು ಇದನ್ನು ತರಗತಿಗೆ ಒಯ್ದರು. ಆ ದಿನ ಗಂಟೆ ಬಾರಿಸಿದ್ದು ಯಾರಿಗೂ ಕೇಳಿಸಲಿಲ್ಲವಂತೆ.

ಟೆಟ್ರಿಸ್ಸಿನಲ್ಲಿ ಗೆಲುವೆಂಬುದಿಲ್ಲ. ಎಸ್ ಮತ್ತು ಝಡ್ ತುಣುಕುಗಳೇ ಒಂದಾದ ಮೇಲೊಂದು ಬರುತ್ತಿದ್ದರೆ ಎಂಥ ಆಟಗಾರನೂ ಕೊನೆಗೆ ಸೋಲಲೇಬೇಕೆಂದು ಹೈಡಿ ಬರ್ಗೀಲ್ ಎಂಬ ಗಣಿತಜ್ಞೆ 1997ರಲ್ಲಿ ಸಾಧಿಸಿ ತೋರಿಸಿದರು. ಆದರೆ ಯಂತ್ರವೂ ಸೋಲಬಹುದು. 2023ರ ಡಿಸೆಂಬರಿನಲ್ಲಿ ಅಮೆರಿಕದ ಒಕ್ಲಹೋಮಾದ 13 ವರ್ಷದ ಹುಡುಗನೊಬ್ಬ ನಿಂಟೆಂಡೊ ಕಂಪೆನಿಯ ಹಳೆಯ ಟೆಟ್ರಿಸ್ಸನ್ನು 157ನೆಯ ಹಂತದವರೆಗೆ ಆಡಿದಾಗ ಲೆಕ್ಕ ತಪ್ಪಿ ಆಟವೇ ಸ್ತಬ್ಧವಾಯಿತು. ಮನುಷ್ಯನೊಬ್ಬ ಅಲ್ಲಿಯವರೆಗೆ ತಲಪಿದ್ದು ಅದೇ ಮೊದಲು. ಆ ಹುಡುಗ ನಿಮ್ಮದೇ ವಯಸ್ಸಿನವನು.

ಮೈನ್‌ಕ್ರಾಫ್ಟ್ ಬೇರೆಯೇ ಬಗೆ. ಅಲ್ಲಿ ಗುಡ್ಡ, ಹೊಳೆ, ಕಾಡು ಎಲ್ಲವೂ ಘನಾಕಾರದ ಇಟ್ಟಿಗೆಗಳಿಂದಾದವು, ಅಗೆಯಬಹುದು, ಕಟ್ಟಬಹುದು. ಸ್ವೀಡನಿನ ಮಾರ್ಕಸ್ ಪರ್ಸನ್ 2009ರಲ್ಲಿ ಆರಂಭಿಸಿದ ಈ ಆಟ 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತು. ಇಷ್ಟು ದೊಡ್ಡ ಭೂಮಿ ಪುಟ್ಟ ಫೋನಿನಲ್ಲಿ ಹೇಗೆ ಹಿಡಿಸುತ್ತದೆ ಎಂದರೆ, ಅದು ಅಲ್ಲಿ ಇರುವುದೇ ಇಲ್ಲ! ‘ಬೀಜ’ ಎಂದು ಕರೆಯುವ ಒಂದು ಸಂಖ್ಯೆ ಮಾತ್ರ ಇರುತ್ತದೆ. ನೀವು ನಡೆದಂತೆಲ್ಲ ಆ ಸಂಖ್ಯೆಯಿಂದ ಲೆಕ್ಕ ಹಾಕಿ ಮುಂದಿನ ಗುಡ್ಡ ಹುಟ್ಟುತ್ತದೆ. ಅದೇ ಆಟದ ಅದೇ ಆವೃತ್ತಿಗೆ ಅದೇ ಬೀಜ ಕೊಟ್ಟರೆ ಕುಂಬಳೆಯಲ್ಲಿಯೂ ಕೆನಡಾದಲ್ಲಿಯೂ ಅದೇ ಗುಡ್ಡ. ಆಟಗಾರ ಅಗೆದದ್ದು, ಕಟ್ಟಿದ್ದು ಬೇರೆಯಾಗಿ ದಾಖಲಾಗುತ್ತದೆ. ನನಗೆ ಸಂತೋಷ ಕೊಟ್ಟ ಇನ್ನೊಂದು ಸಂಗತಿಯಿದೆ: ಇದರ ಕಂಪ್ಯೂಟರ್ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಸಂಬಳವಿಲ್ಲದೆ ಸ್ವಂತ ಇಚ್ಛೆಯಿಂದ ಅನುವಾದಿಸಿದವರ ಕೆಲಸ ಅದು. ಗಡಿನಾಡಿನ ನಮಗೆ ಅಂಗಡಿಯ ಬೋರ್ಡಿನಲ್ಲಿ ಕನ್ನಡ ಕಂಡರೂ ಹಿಗ್ಗು. ಹೀಗಿರುವಾಗ ಇದನ್ನು ಹೇಳದೆ ಬಿಡಲೆ?

ಇನ್ನು ಹೆಚ್ಚಿನ ಹುಡುಗರು ಬರೆದದ್ದು ಗುಂಡು ಹಾರಿಸುವ ಆಟಗಳ ಬಗ್ಗೆ. ನೂರು ಜನ, ಕೆಲವದರಲ್ಲಿ ಐವತ್ತು ಜನ, ಒಂದು ದ್ವೀಪಕ್ಕೆ ಇಳಿಯುತ್ತಾರೆ, ಆಯುಧ ಹುಡುಕುತ್ತಾರೆ, ಆಡುವ ಜಾಗ ಕಿರಿದಾಗುತ್ತ ಬರುತ್ತದೆ, ಕೊನೆಗೆ ಉಳಿದವನು ಅಥವಾ ಉಳಿದ ತಂಡ ಗೆದ್ದಂತೆ. ಪಬ್‌ಜಿ ಮೊಬೈಲನ್ನು ಭಾರತ ಸರಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. ಮರುವರ್ಷ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು. 2022ರಲ್ಲಿ ಮತ್ತೆ ಮರೆಯಾಗಿ 2023ರಲ್ಲಿ ಮರಳಿತು. ಹದಿನೆಂಟರೊಳಗಿನವರಿಗೆ ದಿನಕ್ಕೆ 3 ಗಂಟೆ ಎಂಬ ಮಿತಿಯೊಡನೆ. ಆದರೆ ವಯಸ್ಸು ಕೇಳಿದಾಗ ಏನು ಹೇಳುತ್ತೀರಿ ಎಂದು ತರಗತಿಯಲ್ಲಿ ವಿಚಾರಿಸಿದೆ. ಎಲ್ಲರೂ ನಕ್ಕರು.

‘ಪಿಂಗ್’ ಎಂದರೇನೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ನೀವು ಗುಂಡಿ ಒತ್ತಿದ ಸುದ್ದಿ ದೂರದ ಗಣಕಕ್ಕೆ ಹೋಗಿ ಉತ್ತರ ಮರಳುವ ಕಾಲವದು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಗಣಕವು ಸಿಂಗಪುರದಲ್ಲಿದೆ ಎಂದಿಟ್ಟುಕೊಳ್ಳಿ. ಕಾಸರಗೋಡಿನಿಂದ ನೇರ ದೂರ ಸುಮಾರು 3,400 ಕಿ.ಮೀ.; ಹೋಗಿಬರಲು 6,800. ತಂತಿ ನೆಟ್ಟಗೆ ಹೋಗಿದ್ದರೂ 34 ಮಿಲಿಸೆಕೆಂಡಿಗಿಂತ ಬೇಗ ಉತ್ತರ ಬಾರದು. ತಂತಿ ಸುತ್ತುಬಳಸಿ ಹೋಗುವುದರಿಂದಲೂ ಮಧ್ಯೆ ಹಲವು ಕಡೆ ತಡೆದು ಸಾಗುವುದರಿಂದಲೂ ಅದು ಎರಡು ಮೂರು ಪಟ್ಟಾಗುತ್ತದೆ. ಮಳೆಗೆ ಸಿಗ್ನಲ್ ಕೆಟ್ಟರಂತೂ ಕೇಳುವುದೇ ಬೇಡ. ನೀವು ಗುಂಡು ಹೊಡೆಯುವಷ್ಟರಲ್ಲಿ ನೀವೇ ಸತ್ತಿರುತ್ತೀರಿ. ಇಂಥ ಆಟಗಳಲ್ಲಿ ತಂಡದವರೊಡನೆ ಮಾತಾಡುತ್ತ ಆಡುವುದುಂಟು. ನನ್ನ ಗುರುವಿನ ತಂಡದಲ್ಲಿ ಪಯ್ಯನ್ನೂರಿನವನೊಬ್ಬ, ಉತ್ತರದ ಹಿಂದಿಯವರಿಬ್ಬರು. ಅವನ ಹಿಂದಿ ಸುಧಾರಿಸಿದ್ದು ತನ್ನ ಪಾಠದಿಂದಲ್ಲ ಎಂದು ಹಿಂದಿ ಟೀಚರಿಗೆ ಈಗ ಗೊತ್ತಾಗಿದೆ.

ಇಷ್ಟರವರೆಗೆ ಸರಿ. ಸೆಪ್ಟೆಂಬರಿನಲ್ಲಿ ಒಬ್ಬ ಹುಡುಗ ಮೂರು ದಿನ ಶಾಲೆಗೆ ಬರಲಿಲ್ಲ. ಆಟೋ ಓಡಿಸುವ ಅವನ ತಂದೆ ಫೋನು ಹಿಡಿದುಕೊಂಡು ಬಂದರು. ತಾಯಿಯ ಖಾತೆಯಿಂದ ಎರಡು ವಾರಗಳಲ್ಲಿ ಸಣ್ಣ ಸಣ್ಣದಾಗಿ ನಾಲ್ಕು ಸಾವಿರಕ್ಕೂ ಮಿಕ್ಕಿ ರೂಪಾಯಿ ಹೋಗಿತ್ತು. “ಮಾಷ್ಟ್ರೇ, ಇದು ಎಂತದು ನಾಣ್ಯ? ಇದನ್ನು ಕೊಟ್ಟರೆ ಹೋಟೆಲಿನಲ್ಲಿ ಒಂದು ಚಾ ಸಿಕ್ಕುತ್ತದಾ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಆಟದ ಹೆಸರು ಇಲ್ಲಿ ಬೇಡ.

ಪುಕ್ಕಟೆ ಎನ್ನುವ ಆಟ ನಡೆಯುವುದು ಹೀಗೆ. ಆಡಲು ಹಣ ಬೇಡ. ಆದರೆ ಆಟದ ಮನುಷ್ಯನಿಗೆ ಹೊಸ ಅಂಗಿ, ಬಂದೂಕಿಗೆ ಬಣ್ಣ – ಇವೇ ‘ಸ್ಕಿನ್’ – ಬೇಕಾದರೆ ಆಟದೊಳಗಿನ ನಾಣ್ಯ ಬೇಕು. ನಾಣ್ಯಕ್ಕೆ ರೂಪಾಯಿ ಬೇಕು. ನಾಣ್ಯವೆಂಬ ಪರದೆ ಮಧ್ಯೆ ಇರುವುದರಿಂದ ಎಷ್ಟು ಖರ್ಚಾಯಿತೆಂದು ತಿಳಿಯುವುದಿಲ್ಲ. ಕೆಲವು ಕಡೆ ವಸ್ತುವನ್ನೂ ನೇರ ಮಾರುವುದಿಲ್ಲ, ಪೆಟ್ಟಿಗೆ ಮಾರುತ್ತಾರೆ. ಒಳಗೆ ಒಳ್ಳೆಯದಿರಬಹುದು, ಕೆಲಸಕ್ಕೆ ಬಾರದ್ದೂ ಇರಬಹುದು. ಬಿ.ಎಡ್. ಓದುವಾಗ ಬಿ. ಎಫ್. ಸ್ಕಿನ್ನರನ ಪಾರಿವಾಳಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಕುಕ್ಕಿದಾಗ ಕಾಳು ಬರುವುದೋ ಇಲ್ಲವೋ ಎಂದು ಹಕ್ಕಿಗೆ ಮುಂದಾಗಿ ತಿಳಿಯದಂತೆ ಮಾಡಿದರೆ ಅದು ಬಿಡದೆ ಕುಕ್ಕುತ್ತಲೇ ಇರುತ್ತದೆ ಎಂಬುದು ಅದರ ಸಾರ. ಅದು ಇಲ್ಲಿ ಎದುರಾಗುವುದೆಂದು ಎಣಿಸಿರಲಿಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ಒಂದು ಕಾನೂನು ಮಾಡಿ, ಹಣ ಪಣವಿಟ್ಟು ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆದರೆ ಅಂಗಿ ಟೋಪಿ ಕೊಳ್ಳುವುದು ಪಣವಲ್ಲ, ಖರೀದಿ. ಚೀನಾದಲ್ಲಿ 2021ರಲ್ಲಿ ಮಕ್ಕಳಿಗೆ ಶುಕ್ರ, ಶನಿ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಎಂದು ಕಟ್ಟುಮಾಡಿದರು. ನಮ್ಮಲ್ಲಿಯೂ ಆಟಕ್ಕೆ ಕಾಲವೊಂದಿತ್ತು. ಅಜ್ಜಿಯ ಮನೆಯಲ್ಲಿ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿದ್ದುದು ಆಟಿ ತಿಂಗಳ ಜಡಿಮಳೆಯಲ್ಲಿ, ಗದ್ದೆಯ ಕೆಲಸವಿಲ್ಲದಾಗ. ಸೋಣ ಬಂತೆಂದರೆ ಮಣೆ ಪುನಃ ಅಟ್ಟಕ್ಕೆ. ಚೆನ್ನೆಕಾಯಿಗಳನ್ನು ಎಣಿಸಿ ಡಬ್ಬಿಗೆ ತುಂಬುವುದು ನನ್ನ ಕೆಲಸವಾಗಿತ್ತು.

ಎಷ್ಟು ಆಡಿದರೆ ಹೆಚ್ಚಾಯಿತು ಎಂದು ಹೆತ್ತವರ ಸಭೆಯಲ್ಲಿ ಹಲವರು ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ ಗಂಟೆಗಳ ಲೆಕ್ಕವಿಲ್ಲ. ಹಿಡಿತ ತಪ್ಪುವುದು, ಉಳಿದೆಲ್ಲದಕ್ಕಿಂತ ಆಟ ಮೇಲಾಗುವುದು, ಕೆಡುಕಾದರೂ ಬಿಡಲಾಗದಿರುವುದು – ಇವು ಸಾಮಾನ್ಯವಾಗಿ ಒಂದು ವರ್ಷ ಮುಂದುವರಿದು ಓದಿಗೆ, ಮನೆಗೆ ಬಾಧಕವಾದರೆ ಮಾತ್ರ ಆ ಹೆಸರು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 2014ರಿಂದಲೇ ಇದಕ್ಕಾಗಿ ‘ಶಟ್’ ಎಂಬ ವಿಶೇಷ ಚಿಕಿತ್ಸಾಲಯವಿದೆ. ಆಡುವವರೆಲ್ಲ ರೋಗಿಗಳಲ್ಲ, ನನ್ನ ಗುರು ಆಡುತ್ತಾನೆ, ಛಂದಸ್ಸಿನಲ್ಲಿ ಪೂರ್ಣಾಂಕವನ್ನೂ ತೆಗೆಯುತ್ತಾನೆ.

ಮೂರು ದಿನ ಬಾರದಿದ್ದ ಹುಡುಗ ನಾಲ್ಕನೆಯ ದಿನ ಬಂದು ಹಿಂದಿನ ಬೆಂಚಿನಲ್ಲಿ ಕುಳಿತ. ಯಾರೂ ಏನೂ ಕೇಳಬಾರದೆಂದು ತರಗತಿಗೆ ಮೊದಲೇ ಹೇಳಿದ್ದೆ. ಹಣದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ತಂದೆಯ ಫೋನಿನಲ್ಲಿ ಆಟಗಳನ್ನು ಇಳಿಸಿಕೊಳ್ಳುವ ಪ್ಲೇ ಸ್ಟೋರಿನ ಸೆಟ್ಟಿಂಗಿಗೆ ಹೋಗಿ, ಪ್ರತಿಯೊಂದು ಖರೀದಿಗೂ ಗುಪ್ತಪದ ಕೇಳುವಂತೆ ಮಾಡಿಕೊಟ್ಟೆವು. ಯುಪಿಐ ಗುಪ್ತಸಂಖ್ಯೆಯನ್ನು ಬದಲಾಯಿಸಿದೆವು. ಐದು ನಿಮಿಷದ ಕೆಲಸ. ಹೇಗೆಂದು ತಿಳಿಯದ ಹೆತ್ತವರು ಯಾವುದೇ ಶನಿವಾರ ಮಧ್ಯಾಹ್ನ ಫೋನು ತೆಗೆದುಕೊಂಡು ಅಧ್ಯಾಪಕರ ಕೊಠಡಿಗೆ ಬರಬಹುದು. ತೋರಿಸಿಕೊಡಲು ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಒಪ್ಪಿದ್ದಾರೆ.