ಬೊಜ್ಜಿನೊಳಗಿನ ಸಣ್ಣ ಉರಿ

1876ರಲ್ಲಿ ಜರ್ಮನಿಯ ವೈದ್ಯ ವಿಲ್ಹೆಲ್ಮ್ ಎಬ್‌ಸ್ಟೈನ್ ಸಕ್ಕರೆ ಕಾಯಿಲೆಯವರಿಗೆ ಸೋಡಿಯಂ ಸ್ಯಾಲಿಸಿಲೇಟ್ ಕೊಟ್ಟು ನೋಡಿದ. ಆಸ್ಪಿರಿನ್ನಿನ ದಾಯಾದಿಯಾದ ಇದು ಕೀಲುನೋವಿಗೆ ಕೊಡುತ್ತಿದ್ದ ಮದ್ದು. ಮೂತ್ರದಲ್ಲಿ ಹೋಗುತ್ತಿದ್ದ ಸಕ್ಕರೆ ಇಳಿಯಿತು. ಉರಿಯೂತದ ಮದ್ದಿಗೆ ಸಕ್ಕರೆಯ ಗೊಡವೆ ಏಕೆ ಎಂಬುದಕ್ಕೆ ಉತ್ತರ ಸಿಗಲು ನೂರು ವರ್ಷವೂ ಸಾಲಲಿಲ್ಲ.

1993ರಲ್ಲಿ ಅಮೆರಿಕದಲ್ಲಿ ಗೋಖಾನ್ ಹೊಟಮಿಸ್ಲಿಗಿಲ್, ಬ್ರೂಸ್ ಸ್ಪೀಗಲ್ಮನ್ ಮತ್ತು ಸಂಗಡಿಗರು ಬೊಜ್ಜಿನ ಇಲಿಗಳ ಕೊಬ್ಬಿನಲ್ಲೇ ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಪ್ರೋಟೀನನ್ನು ಕಂಡರು. ಅದನ್ನು ತಟಸ್ಥಗೊಳಿಸಿದಾಗ ಇನ್ಸುಲಿನ್ನಿನ ಮಾತು ಮತ್ತೆ ನಡೆಯತೊಡಗಿತು. ಕೊಬ್ಬೆಂದರೆ ಸುಮ್ಮನೆ ಬಿದ್ದಿರುವ ದಾಸ್ತಾನು ಎಂಬ ನಂಬಿಕೆ ಅಲ್ಲಿಗೆ ಸಡಿಲವಾಯಿತು.

ಈ ಉರಿಯೂತದಲ್ಲಿ ಕೆಂಪಿಲ್ಲ, ನೋವಿಲ್ಲ. ತುಂಬಿ ಉಬ್ಬಿದ ಕೊಬ್ಬಿನ ಜೀವಕೋಶಗಳಿಗೆ ಆಮ್ಲಜನಕ ಸಾಲದಾಗುತ್ತದೆ, ಕೆಲವು ಸಾಯುತ್ತವೆ. ಸತ್ತದ್ದನ್ನು ತೆರವು ಮಾಡಲು ಮ್ಯಾಕ್ರೊಫೇಜ್ ಎಂಬ ಬಿಳಿರಕ್ತಕಣಗಳು ಬಂದು ಅದರ ಸುತ್ತ ಕುಳಿತುಬಿಡುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಥೇಟ್ ಕಿರೀಟ! ತೆಳ್ಳಗಿನವರ ಕೊಬ್ಬಿನಲ್ಲಿ ಇವು ನೂರು ಜೀವಕೋಶಗಳಿಗೆ ಹತ್ತೂ ಇರುವುದಿಲ್ಲ. ತೀರಾ ಬೊಜ್ಜಿದ್ದವರಲ್ಲಿ ನಲವತ್ತರವರೆಗೂ ಹೋಗಬಹುದು.

ಇವು ಸುರಿಸುವ ರಾಸಾಯನಿಕಗಳು ಸ್ನಾಯು, ಯಕೃತ್ತುಗಳನ್ನೂ ಮುಟ್ಟುತ್ತವೆ. ಇನ್ಸುಲಿನ್ ಜೀವಕೋಶದ ಹೊರಗೆ ಬಂದು ಅಂಟಿದಾಗ ಒಳಗಿನ ಐಆರ್‌ಎಸ್-1 ಎಂಬ ಪ್ರೋಟೀನ್ ಸುದ್ದಿಯನ್ನು ಮುಂದಕ್ಕೆ ಸಾಗಿಸಬೇಕು. ಅದಕ್ಕೆ ಟೈರೋಸಿನ್ ಎಂಬ ಜಾಗದಲ್ಲಿ ಫಾಸ್ಫೇಟ್ ಅಂಟಬೇಕು. ಉರಿಯೂತದ ಕಿಣ್ವಗಳು ಅದನ್ನು ಸೆರಿನ್ ಎಂಬ ಬೇರೆ ಜಾಗದಲ್ಲಿ ಅಂಟಿಸುತ್ತವೆ. ಕರೆಗಂಟೆ ಒತ್ತಿದ್ದಾಯಿತು, ಆದರೆ ಒಳಗೆ ತಂತಿ ಕಡಿದಿದೆ. ಸ್ನಾಯು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಯಕೃತ್ತು ತನ್ನ ಪಾಡಿಗೆ ಸಕ್ಕರೆ ಸುರಿಯುತ್ತಲೇ ಇರುತ್ತದೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ವರ್ಷಗಟ್ಟಲೆ ಸಂಭಾಳಿಸುತ್ತದೆ. ಅಷ್ಟೂ ದಿನ ರಕ್ತಪರೀಕ್ಷೆಯ ಚೀಟಿಯಲ್ಲಿ ಸಕ್ಕರೆ ಸರಿಯಾಗಿಯೇ ಇರುತ್ತದೆ.

ಹಾಗಾದರೆ ಉರಿ ಆರಿಸಿದರೆ ಮುಗಿಯಿತೇ? ಇಲ್ಲ. ಟಿಎನ್‌ಎಫ್ ತಡೆಯುವ ಮದ್ದು ಸಕ್ಕರೆ ಕಾಯಿಲೆಯವರಲ್ಲಿ ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ. ಎಬ್‌ಸ್ಟೈನನ ಮದ್ದಿನ ಬಂಧು ಸಾಲ್ಸಲೇಟನ್ನು ದಿನಕ್ಕೆ 3.5 ಗ್ರಾಂನಂತೆ 48 ವಾರ ಕೊಟ್ಟಾಗ, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರುವ ಎಚ್‌ಬಿಎ1ಸಿ ಇಳಿದದ್ದು ಬರೀ 0.37 ಶೇಕಡಾಂಶ. ಉರಿಯೂತ ಒಬ್ಬಂಟಿ ಅಪರಾಧಿಯಲ್ಲ; ಯಕೃತ್ತಿಗೆ ಹರಿದು ಸೇರುವ ಕೊಬ್ಬಿನ ಪಾಲೂ ದೊಡ್ಡದು. ಆದ್ದರಿಂದ ಆಸ್ಪಿರಿನ್ ನುಂಗಿ ಸಕ್ಕರೆ ಇಳಿಸುವ ಸಾಹಸ ಬೇಡ, ಅದಕ್ಕೆ ಬೇಕಾಗುವ ಪ್ರಮಾಣದಲ್ಲಿ ಹೊಟ್ಟೆಯೊಳಗೆ ರಕ್ತಸ್ರಾವವಾದೀತು.

ನಮ್ಮವರಿಗೆ ಇನ್ನೊಂದು ತೊಡಕಿದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯಡ್ಕಿನ್ ಇಬ್ಬರ ಫೋಟೊ ಹಾಕಿತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ 22.3. ಮೈಕೊಬ್ಬು ಮಾತ್ರ ಯಡ್ಕಿನ್‌ರದು ಶೇಕಡಾ 9.1, ಯಾಜ್ಞಿಕ್‌ರದು 21.2. ಯಡ್ಕಿನ್ ಮ್ಯಾರಥಾನ್ ಓಡುವವರು; ಯಾಜ್ಞಿಕ್‌ರ ಓಟವೆಲ್ಲ ಆಸ್ಪತ್ರೆಯ ಲಿಫ್ಟ್ ಬಾಗಿಲು ಮುಚ್ಚುವುದರೊಳಗೆ ನುಗ್ಗುವಷ್ಟೇ ಎಂದು ಅವರೇ ತಮಾಷೆ ಮಾಡಿಕೊಂಡಿದ್ದರು. ತೆಳ್ಳಗೆ ಕಾಣುವ ಭಾರತೀಯರಲ್ಲೂ ಕೊಬ್ಬು ಹೊಟ್ಟೆಯಲ್ಲಿ ಕೂಡುವುದರಿಂದ ತೂಕದ ಯಂತ್ರಕ್ಕಿಂತ ದರ್ಜಿಯ ಟೇಪೇ ವಾಸಿ. ಉಸಿರು ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಹೊಟ್ಟೆಯ ಸುತ್ತಳತೆ ಅಳೆಯಬೇಕು: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ.