ಬೈತಲೆಯ ಪಕ್ಕದ ಗೆರೆ: ಕಾಲ ಮೀರುವ ಮುನ್ನ ಎಚ್ಚರ

ಮಕ್ಕಳ ತಲೆ ಬಾಚುವಾಗ ಬೈತಲೆಯ ಪಕ್ಕದಲ್ಲಿ ಕೂದಲಿಲ್ಲದ ಜಾಗ ಕಂಡರೆ ‘ಹುಳು ತಿಂದಿದೆ’ ಎಂದು ಬೆಳ್ಳುಳ್ಳಿ ಅರೆದು ಹಚ್ಚುತ್ತೇವೆ. ತಲೆ ಬೋಳಿಸಿದರೆ ದಟ್ಟವಾಗಿ ಬೆಳೆಯುವುದೆಂದೂ ನಂಬುತ್ತೇವೆ. ಹುಳು ತಿಂದಿತೆನ್ನುವ ದುಂಡನೆಯ ಬೋಳಿನಲ್ಲಿ ಸಾಮಾನ್ಯವಾಗಿ ಕೂದಲಿನ ಬೇರು ಉಳಿದಿದ್ದು, ಅನೇಕರಿಗೆ ಅದು ಮತ್ತೆ ಚಿಗುರುತ್ತದೆ. ಆದರೆ ಬೇರನ್ನೇ ಅಳಿಸುವ ಇನ್ನೊಂದು ವ್ಯಾಧಿಯುಂಟು.

ಅದರ ಹೆಸರು ರೇಖಾರೂಪದ ಸ್ಕ್ಲೀರೋಡರ್ಮ. ಹಣೆಯಿಂದ ನೆತ್ತಿಯವರೆಗೆ ಉದ್ದನೆಯ ಗೆರೆಯಾಗಿ ಮೂಡುವುದರಿಂದ ಫ್ರೆಂಚ್ ಭಾಷೆಯಲ್ಲಿ ಇದಕ್ಕೆ ‘ಕತ್ತಿಯ ಏಟು’ ಎಂಬ ಅರ್ಥದ ಹೆಸರಿದೆ. ಬಹುತೇಕ 20 ವರ್ಷದೊಳಗಿನವರಲ್ಲಿಯೇ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ತೋರುತ್ತದೆ. ದೇಹದ ರಕ್ಷಣಾಶಕ್ತಿ ತನ್ನ ಚರ್ಮದ ಮೇಲೆಯೇ ತಿರುಗಿಬಿದ್ದಾಗ ಚರ್ಮದಲ್ಲಿ ಕೊಲಾಜನ್ ಎಂಬ ನಾರು ಮಿತಿಮೀರಿ ಶೇಖರವಾಗುತ್ತದೆ. ಮೊದಲು ಕೆಂಪು ಇಲ್ಲವೆ ನೇರಳೆ ಛಾಯೆಯಿದ್ದ ಜಾಗ ಕ್ರಮೇಣ ಗಡುಸಾಗಿ, ಹೊಳಪೇರಿ, ತಗ್ಗಾಗುತ್ತದೆ. ಅಲ್ಲಿನ ಕೂದಲ ಬೇರುಗಳು ನಶಿಸುತ್ತವೆ. ಕೆಲವರಲ್ಲಿ ತಲೆನೋವು, ಮೂರ್ಛೆ, ಕಣ್ಣಿನ ತೊಂದರೆಗಳೂ ಜೊತೆಗೂಡುವುದುಂಟು.

ಇದು ಅಂಟುರೋಗವಲ್ಲ. ಒಂದೇ ಬಾಚಣಿಗೆ ಬಳಸಿದರೆ, ಜೊತೆಯಲ್ಲಿ ಮಲಗಿದರೆ ಹರಡುವುದಿಲ್ಲ. ಯಾರ ದೃಷ್ಟಿಯ, ಯಾವ ಪಾಪದ ಫಲವೂ ಅಲ್ಲ.

ಚರ್ಮರೋಗ ತಜ್ಞರು ಕಣ್ಣಿನಿಂದ ನೋಡಿ, ಅಗತ್ಯವಿದ್ದರೆ ಚರ್ಮದ ಚಿಕ್ಕ ತುಣುಕನ್ನು ಪರೀಕ್ಷಿಸಿ ರೋಗವನ್ನು ನಿರ್ಧರಿಸುತ್ತಾರೆ. ರೋಗ ಚುರುಕಾಗಿರುವಾಗ ಸ್ಟೀರಾಯ್ಡ್ ಹಾಗೂ ಮೆಥೋಟ್ರೆಕ್ಸೇಟ್ ಔಷಧಗಳು ಅದನ್ನು ತಡೆಯಬಲ್ಲವು. ಮೆಥೋಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ಕೊಡಬೇಕು. ತಪ್ಪಿ ದಿನವೂ ಕೊಟ್ಟರೆ ಪ್ರಾಣಾಪಾಯ. ಆಗಾಗ ರಕ್ತಪರೀಕ್ಷೆಯೂ ಬೇಕು. ಚರ್ಮ ಮೃದುವಾಯಿತೆಂದು ನಾವಾಗಿಯೇ ಔಷಧ ನಿಲ್ಲಿಸಬಾರದು. ಗುಣ ಕಂಡ ಮೇಲೂ ಕನಿಷ್ಠ 12 ತಿಂಗಳು ಮುಂದುವರಿಸುವುದು ವೈದ್ಯರ ಪದ್ಧತಿ. ವರ್ಷಗಳ ಬಳಿಕ ರೋಗ ಮರುಕಳಿಸುವುದೂ ಉಂಟು.

ಔಷಧವು ರೋಗದ ಹರಡುವಿಕೆಯನ್ನು ನಿಲ್ಲಿಸುತ್ತದೆಯೇ ಹೊರತು ನಶಿಸಿದ ಬೇರನ್ನು ಮರಳಿ ತಾರದು. ಆದುದರಿಂದಲೇ ಕಾಲಕ್ಕೆ ಇಷ್ಟು ಬೆಲೆ. ರೋಗ ಪೂರ್ತಿ ಶಾಂತವಾದ ಬಳಿಕ ಕೂದಲು ನಾಟಿ ಮಾಡುವ ಶಸ್ತ್ರಚಿಕಿತ್ಸೆ ಕೆಲವರಿಗೆ ನೆರವಾಗಬಹುದು.

ಹೆಣ್ಣುಮಗಳಿಗೆ ನಾಳೆ ಮದುವೆಗೆ ತೊಡಕಾದೀತೆಂದು ಆ ಗೆರೆಯನ್ನು ಜಡೆಯಡಿಯಲ್ಲಿ ಮರೆಮಾಡುವ ತಾಯಂದಿರಿದ್ದಾರೆ. ಮರೆಮಾಡಿದಷ್ಟು ಕಾಲವೂ ಗೆರೆ ಬೆಳೆಯುತ್ತದೆ. ತಲೆ ಬಾಚುವ ಕೈಗಳೇ ಮೊದಲು ಗುರುತಿಸಬಲ್ಲವು. ಗಡುಸಾದ, ತಗ್ಗಾದ ಗೆರೆ ಬೆರಳಿಗೆ ತಾಗಿದರೆ ಮನೆಮದ್ದಿನಲ್ಲಿ ತಿಂಗಳುಗಳನ್ನು ಕಳೆಯದೆ ತಜ್ಞರಲ್ಲಿಗೆ ಮಗುವನ್ನು ಕರೆದೊಯ್ಯೋಣ.