ಕಲಾಯಿ ಮತ್ತು ಬೆಸುಗೆ

ಮಂಡ್ಯ, ಮದ್ದೂರು, ಮಳವಳ್ಳಿಗಳ ಬೀದಿಗಳಲ್ಲಿ ಹಿಂದೆ ಆಗಾಗ ಒಂದು ಕೂಗು ಕೇಳಿಬರುತ್ತಿತ್ತು: “ಪಾತ್ರೆಗೆ ಕಲಾಯೀ...” ಅದು ಕಿವಿಗೆ ಬಿದ್ದೊಡನೆ ಮನೆಯವರು ತಾಮ್ರದ, ಹಿತ್ತಾಳೆಯ ಪಾತ್ರೆಗಳನ್ನು ಅಟ್ಟದಿಂದಿಳಿಸಿ ಜಗಲಿಯ ಮೇಲೆ ಸಾಲಾಗಿ ಇಡುತ್ತಿದ್ದರು. ಉಕ್ಕಿನ ಪಾತ್ರೆಗಳು ಬಂದ ಮೇಲೆ ಆ ಕೂಗು ವಿರಳವಾಯಿತು. ಆದರೆ ಆ ಕೆಲಸದಲ್ಲಿ ಅಡಗಿದ್ದ ಶಾಸ್ತ್ರ ಮಾತ್ರ ಹಳತಾಗಿಲ್ಲ.

ನಮ್ಮ ಕಡೆಯ ಬಸ್ಸಾರಿಗೆ ಹುಣಸೆಹಣ್ಣಿನ ಹುಳಿ ಬೇಕೇ ಬೇಕು. ಹುಳಿಯಲ್ಲಿರುವ ಆಮ್ಲವು ತಾಮ್ರವನ್ನು ಕರಗಿಸುತ್ತದೆ. ಹಾಗೆ ಕಿಲುಬಿಡಿದ ಅಡಿಗೆಯನ್ನು ಉಂಡವರಿಗೆ ವಾಕರಿಕೆ, ವಾಂತಿ, ಹೊಟ್ಟೆನೋವು ತಪ್ಪದು. ಆದ್ದರಿಂದಲೇ ಪಾತ್ರೆಯ ಒಳಮೈಗೆ ತವರದ ತೆಳುವಾದ ಲೇಪವನ್ನು ಕೊಡುತ್ತಿದ್ದರು, ಅದೇ ಕಲಾಯಿ. ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ಉಪಾಯವಲ್ಲ. ತವರ ಬಳಿದ ಪಾತ್ರೆಯಲ್ಲಿ ರುಚಿ ಕೆಡದು, ಕಿಲುಬು ಕಟ್ಟದು ಎಂಬುದನ್ನು ಒಂದನೆಯ ಶತಮಾನದ ರೋಮಿನ ಲೇಖಕ ಪ್ಲಿನಿಯೂ ಬರೆದಿಟ್ಟಿದ್ದಾನೆ.

ಬಾಲ್ಯದಲ್ಲಿ ನಾನು ಕಲಾಯಿಗಾರನ ಮುಂದೆ ಗಂಟೆಗಟ್ಟಲೆ ಕುಳಿತಿರುತ್ತಿದ್ದೆ. ಆತ ನೆಲದಲ್ಲಿ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿಯೊತ್ತಿ ಬೆಂಕಿ ಎಬ್ಬಿಸುತ್ತಿದ್ದ. ಆದರೆ ಅದಕ್ಕೂ ಮೊದಲು ಪಾತ್ರೆಯನ್ನು ಹುಳಿ, ಮರಳುಗಳಿಂದ ಉಜ್ಜಿ ಉಜ್ಜಿ ಕೆಂಪಗೆ ಹೊಳೆಯುವಂತೆ ಮಾಡುತ್ತಿದ್ದ. ತವರ ಬಳಿಯುವುದು ಕ್ಷಣಮಾತ್ರದ ಕೆಲಸ. ತಿಕ್ಕುವುದಕ್ಕೆ ಅಷ್ಟು ಹೊತ್ತೇಕೆ ಎಂದು ಕೇಳಿದೆ. “ಕೊಳೆ ಇದ್ದ ಕಡೆ ತವರ ಕೂರಾಕಿಲ್ಲ ಕಣಪ್ಪ” ಎಂದು ಆತ ನಕ್ಕ.

ಆ ಮಾತಿನ ಅರ್ಥವನ್ನು ನಾನು ಮುಂದೆ ರಸಾಯನಶಾಸ್ತ್ರದ ತರಗತಿಯಲ್ಲಿ ಅರಿತೆ. ಗಾಳಿಯ ಆಮ್ಲಜನಕವು ತಾಮ್ರದೊಡನೆ ಸೇರಿ ಅದರ ಮೈಮೇಲೆ ಆಕ್ಸೈಡಿನ ಪೊರೆಯೊಂದನ್ನು ಕಟ್ಟುತ್ತದೆ. ಕರಗಿದ ತವರವು ಶುದ್ಧವಾದ ತಾಮ್ರಕ್ಕೆ ಮಾತ್ರ ಅಂಟಿಕೊಳ್ಳಬಲ್ಲುದು. ಪೊರೆಯ ಮೇಲೆ ಬಿದ್ದರೆ ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಯಾಗಿ ಉರುಳಿಹೋಗುತ್ತದೆ. ಎಷ್ಟೇ ತಿಕ್ಕಿದರೂ ಕಾಯಿಸುವಾಗ ಪೊರೆ ಮತ್ತೆ ಹುಟ್ಟುವುದರಿಂದ, ಬಿಸಿಯಾದ ಪಾತ್ರೆಗೆ ನವಸಾಗರದ ಪುಡಿಯನ್ನು ಉದುರಿಸುತ್ತಾರೆ. ಅದು ಕಾವಿಗೆ ಒಡೆದು, ಆಮ್ಲಗುಣದ ಅನಿಲವನ್ನು ಹೊರಡಿಸಿ, ಪೊರೆಯನ್ನು ನಿವಾರಿಸುತ್ತದೆ. ಆಗ ಏಳುವ ಬಿಳಿಯ ಹೊಗೆಯನ್ನು ಉಸಿರಿಗೆ ಸೇರಿಸಬಾರದು. ತವರವು 232 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ತಾಮ್ರ ಕರಗಲು 1085 ಡಿಗ್ರಿ ಬೇಕು. ಹೀಗಾಗಿ ಪಾತ್ರೆ ಕೆಡದೆಯೇ ತವರ ಕರಗಿ, ಅರಳೆಯಿಂದ ಒರೆಸಿದೊಡನೆ ಬೆಳ್ಳಗೆ ಹರಡಿಕೊಳ್ಳುತ್ತದೆ.

ತಾಮ್ರದ ಹಳೆಯ ಕೊಳವೆಗೆ ಹೊಸ ಜೋಡಣೆಯನ್ನು ಬೆಸೆಯುವಾಗಲೂ ನಿಯಮ ಇದೇ. ಮೊದಲು ಕೊಳವೆಯೊಳಗಿನ ನೀರನ್ನೆಲ್ಲ ಬಸಿಯಬೇಕು. ನೀರು ಉಳಿದರೆ ಅದು ಕುದಿದು ಆವಿಯಾಗುವುದರಲ್ಲೇ ಶಾಖವೆಲ್ಲ ವ್ಯಯವಾಗಿ ಬೆಸುಗೆಲೋಹ ಕರಗದು. ಕೊಳವೆಯ ಹೊರಮೈಯನ್ನೂ ಜೋಡಣೆಯ ಒಳಮೈಯನ್ನೂ ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಬೇಕು. ಬಳಿಕ ಬೆರಳು ತಾಗಿಸಬಾರದು. ಚರ್ಮದ ಜಿಡ್ಡೂ ಅಡ್ಡಿಯೇ. ಪೊರೆಯನ್ನು ಕಳೆಯುವ ಲೇಪವನ್ನು ಹಚ್ಚಿ, ಎರಡನ್ನೂ ಸೇರಿಸಿ, ಸಂದಿನ ಬಳಿ ಕಾಯಿಸಬೇಕು. ಆಗ ಕರಗಿದ ಲೋಹವು, ದೀಪದ ಬತ್ತಿಗೆ ಎಣ್ಣೆ ಏರುವಂತೆ, ಕಿರಿದಾದ ಸಂದಿನೊಳಕ್ಕೆ ತಾನಾಗಿ ಸೇದಿಕೊಳ್ಳುತ್ತದೆ. ಉಳಿದ ಲೇಪವನ್ನು ಕೊನೆಗೆ ಒರೆಸಿ ತೊಳೆಯಬೇಕು. ಇಲ್ಲವಾದರೆ ಅದೇ ತಾಮ್ರವನ್ನು ತಿನ್ನತೊಡಗುತ್ತದೆ.

ಒಮ್ಮೆ ನಮ್ಮ ಮನೆಯ ಬಚ್ಚಲಿನ ತಾಮ್ರದ ಹಂಡೆಗೆ ಹೀಗೆಯೇ ಬೆಸುಗೆ ಹಾಕಿಸಿದೆವು. ಅವಸರದಲ್ಲಿ ಕಿಲುಬಿನ ಮೇಲೆಯೇ ಹಾಕಿದ್ದ ಬೆಸುಗೆ ನೋಡಲು ಅಂದವಾಗಿತ್ತು. ಎರಡೇ ವಾರಗಳಲ್ಲಿ ಸಿಪ್ಪೆಯಂತೆ ಎದ್ದುಬಂದಿತು.

ಸೋರಿಕೆಗಿಂತ ದೊಡ್ಡ ಅಪಾಯ ಮತ್ತೊಂದಿದೆ. ಅಗ್ಗವಾಗಲೆಂದು ತವರಕ್ಕೆ ಸೀಸವನ್ನು ಬೆರೆಸುವುದುಂಟು. ಕಣ್ಣಿಗೆ ಭೇದ ತಿಳಿಯದು. ಸೀಸವು ವಿಷ, ಬೆಳೆಯುವ ಮಕ್ಕಳ ಮಿದುಳಿಗೆ ಅದರಿಂದ ಹಾನಿ. ಇಷ್ಟು ಪ್ರಮಾಣ ಸುರಕ್ಷಿತವೆಂದು ಹೇಳಬಹುದಾದ ಮಿತಿಯೇ ಅದಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಕುಡಿಯುವ ನೀರಿನ ಕೊಳವೆಗಳಲ್ಲಿ ಸೀಸದ ಬೆಸುಗೆಯನ್ನು ಅಮೆರಿಕವು 1986ರಲ್ಲಿಯೇ ಕಾಯಿದೆಯಿಂದ ನಿಷೇಧಿಸಿತು. ಆದ್ದರಿಂದ ಅಡಿಗೆಯ ಪಾತ್ರೆಗೂ ಕುಡಿಯುವ ನೀರಿಗೂ ಸೀಸವಿಲ್ಲದ ಲೋಹವನ್ನೇ ಕೇಳಿ ಪಡೆಯಬೇಕು.

ಕೆಲಸ ಮುಗಿದ ಮೇಲೆ ನಮ್ಮ ಕಣ್ಣಿಗೆ ಕಾಣುವುದು ತವರದ ಬಿಳುಪು. ಅದನ್ನು ಹಿಡಿದು ನಿಲ್ಲಿಸಿರುವುದು ಮಾತ್ರ, ಯಾರೂ ಗಮನಿಸದ ಆ ತಿಕ್ಕಾಟವೇ.